ಪಕ್ಕದ ಬಾಲ್ಕನಿಯ ಸ್ಕಾಟ್ಲೆಂಡು

ನಾನು ಎಲ್ಲಿ ಹೋದರೂ ಪಕ್ಕದ ಮನೆ ಸರಿ ಇರುವುದಿಲ್ಲ. ಬೊಂಬಾಯಿಯಲ್ಲಿ ಪಕ್ಕದವ ಹುಂಜ ಸಾಕಿದ್ದ. ಉಡುಪಿಯಲ್ಲಿ ಪಕ್ಕದವ ಚೆಂಡೆ ಕಲಿಯುತ್ತಿದ್ದ. ಜರ್ಮನಿಯಲ್ಲಾದರೂ ನೆಮ್ಮದಿ ಎಂದುಕೊಂಡೆ. ಇಲ್ಲಿ ಸ್ಕಾಟ್ಲೆಂಡು ಸಿಕ್ಕಿತು. ಅದೂ ಕೆನಡಾದಿಂದ ಬಂದದ್ದು.

ನಾನು ಅಡುಗೆಯವ. ಓದಿದ್ದು ನಾಲ್ಕನೇ ಕ್ಲಾಸು. ಜರ್ಮನಿಯವರು ಗ್ರೀನ್ ಕಾರ್ಡ್ ಕೊಡುತ್ತಾರೆ ಎಂದು ಕಂಪ್ಯೂಟರಿನವರು ಸಿಂಡೆಲ್‌ಫಿಂಗೆನ್‌ಗೆ ಬಂದರಲ್ಲ, ಅವರಿಗೆ ದೋಸೆ ಬೇಕಾಯಿತು. ಹಾಗೆ ನಾನೂ ಬಂದೆ. ಹೋಟೆಲಿನಲ್ಲಿ ಮಾಂಸದ ಒಲೆ ಪಂಜಾಬಿಯದು, ದೋಸೆ ಕಾವಲಿ ನನ್ನದು. ಮನೆಯಲ್ಲಿ ಜೊತೆಗೆ ಒಬ್ಬ ಬ್ಯಾರಿ ಇಂಜಿನಿಯರು, ಮಂಗಳೂರು ಬಂದರಿನ ಮುಸಲ್ಮಾನ. ಅವನಿಗೆ ಭಾಷೆ ಎಲ್ಲ ಬರುತ್ತದೆ, ಅಡುಗೆ ಬರುವುದಿಲ್ಲ. ನನಗೆ ತಿರುಗಾಮುರುಗ. ಸರಿಹೋಯಿತು.

ಹೆಂಡತಿ ಹೋದ ಮೇಲೆ ಬಂದವ ನಾನು. ಊರಿನ ಮನೆಯಲ್ಲಿ ಕೂರಲಿಕ್ಕೆ ಆಗಲಿಲ್ಲ. ಹತ್ತನೆಯ ದಿನ ಅವಳಿಗೆ ಇಟ್ಟ ಅನ್ನವನ್ನು ಕಾಗೆ ಮುಟ್ಟಿರಲಿಲ್ಲ. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಮುಟ್ಟದಿದ್ದರೆ ಅವರಿಗೆ ಏನೋ ಅಸಮಾಧಾನ. ಕಾದು ಕಾದು ಕೊನೆಗೆ ದನಕ್ಕೆ ಕೊಟ್ಟರು. ಅವಳ ಅಣ್ಣ ಹೇಳಿದ, "ಅದು ಮುಟ್ಟುವುದು ಹೇಗೆ ಭಾವ, ಅಡುಗೆ ನಿಮ್ಮದಲ್ಲವಾ?"

ತಮಾಷೆಗೆ ಹೇಳಿದ್ದು. ಆದರೆ ಸುಳ್ಳಲ್ಲ. ಊರೆಲ್ಲ ಉಂಡು ಹೊಗಳಿದ ನನ್ನ ಅಡುಗೆ ಅವಳಿಗೆ ಸೇರುತ್ತಿರಲಿಲ್ಲ. "ನಿಮ್ಮದು ಹೋಟೆಲಿನ ಕೈ" ಎನ್ನುವಳು. ಪಕ್ಕದ ಮನೆಯಿಂದ ಒಂದು ತಟ್ಟೆ ಪಲ್ಯವೋ ಒಂದು ಲೋಟ ತಂಬುಳಿಯೋ ತರಿಸಿಕೊಂಡು ಮೊದಲು ಅದನ್ನು ಉಣ್ಣುವಳು. ನಾನು ಎದುರಿಗೆ ಕೂತು ನೋಡಬೇಕು.

ವರ್ಷದ ತಿಥಿಗಾದರೂ ಕಾಗೆ ಮುಟ್ಟಬೇಕು ಎಂದು ನನಗೆ. ತಿಥಿ ಊರಿನಲ್ಲಿ ಮಗ ಮಾಡುತ್ತಾನೆ. ಇಲ್ಲಿ ನಾನು ಒಂದು ಎಡೆ ಇಡುವುದು, ಅಷ್ಟೇ. ಹಿತ್ತಿಲಿನ ಅಕ್ರೋಟು ಮರದಲ್ಲಿ ಕಾಗೆಗಳಿದ್ದವು. ದಿನಾ ಬಾಲ್ಕನಿಯ ಕಂಬಿಯ ಹತ್ತಿರ ಒಂದು ಹಿಡಿ ಅನ್ನ ಇಟ್ಟು ಒಂದು ಕಾಗೆಯನ್ನು ಪಳಗಿಸುತ್ತಿದ್ದೆ.

ಆಗ ಪಕ್ಕದ ಮನೆಗೆ ಇವನು ಬಂದ.

ಲುಂಗಿ

ಈ ಊರಿನಲ್ಲಿ ಕೇರ್‌ವೊಹೆ ಎಂದು ಒಂದು ಉಂಟು. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಲ್ಲಿ ಒಂದು ಹಲಗೆ ನೇತಾಡುತ್ತದೆ. ಕೆಳಗಿನ ಮನೆಯ ಮುದುಕಿ ಬೆರಳು ಹಾಕಿ ಧೂಳು ನೋಡುತ್ತಾಳೆ. ಅತ್ತೆ ಇಲ್ಲದವರಿಗೂ ಇಲ್ಲಿ ಅತ್ತೆ ಸಿಗುತ್ತಾಳೆ.

ನನ್ನ ಸರದಿ. ಲುಂಗಿ ಎತ್ತಿ ಕಟ್ಟಿ ಒರೆಸುತ್ತಿದ್ದೆ. ಹಸಿರು ನೀಲಿ ಚೌಕುಳಿಯ ಲುಂಗಿ, ಬ್ಯಾರಿ ಊರಿನಿಂದ ತಂದುಕೊಟ್ಟದ್ದು. ಮೇಲಿನಿಂದ ಎರಡು ಬಿಳಿ ಕಾಲು ಇಳಿದು ಬಂದವು. ಕಾಲಿನ ಮೇಲೆ ಚೌಕುಳಿಯ ಲಂಗ. ಲಂಗದ ಮೇಲೆ ಕೆಂಪು ಗಡ್ಡ. ಪಾಪ, ಪ್ಯಾಂಟನ್ನು ಮಷೀನಿಗೆ ಹಾಕಿದ್ದಾನೆ ಎಂದುಕೊಂಡೆ.

ನನ್ನ ಲುಂಗಿ ನೋಡಿ ಅವನ ಮುಖ ಅರಳಿತು. ಏನೋ ಕೇಳಿದ. ನಾನು ಬ್ಯಾರಿಯನ್ನು ಕೂಗಿದೆ.

"ಭಟ್ರೇ, ನಿಮ್ಮದು ಯಾವ ಕುಲ ಅಂತ ಕೇಳ್ತಿದ್ದಾರೆ."

"ಜರ್ಮನಿಯಲ್ಲಿಯೂ ಕೇಳ್ತಾರಾ?"

"ನಿಮ್ಮದಲ್ಲ ಮಾರಾಯ್ರೆ, ಲುಂಗಿಯದ್ದು. ಇವರಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಚೌಕುಳಿಯಂತೆ. ಇವರು ಕೆನಡಾದವರು. ಅಜ್ಜನ ಅಜ್ಜ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಕೆನಡಾಕ್ಕೆ ಹೋದದ್ದಂತೆ."

"ಇವನು ಸ್ಕಾಟ್ಲೆಂಡು ನೋಡಿದ್ದಾನಾ?"

ಬ್ಯಾರಿ ಕೇಳಿದ. "ಇಲ್ಲವಂತೆ. ಆದರೆ ರಕ್ತದಲ್ಲಿ ಉಂಟಂತೆ."

"ಇಲ್ಲಿ ಎಂತ ಕೆಲಸ?"

"ಕಾರಿನ ಕೆಲಸ."

ಕೆನಡಾದವ ಬಿಡಲಿಲ್ಲ. ಬಗ್ಗಿ ನನ್ನ ಲುಂಗಿಯ ಅಂಚು ನೋಡಿದ. ಮತ್ತೆ ಕುಲ ಕೇಳಿದ. ಬ್ಯಾರಿ ನಗದೆ ಹೇಳಿದ, "ಬಂದರಿನ ಕುಲ. ತುಂಬ ಹಳೆಯದು." ಕೆನಡಾದವ ಎದೆಗೆ ಕೈ ಇಟ್ಟು ತಲೆ ಬಾಗಿಸಿದ. ನನಗೂ ಬಾಗಿಸಬೇಕಾಯಿತು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು.

ಆಗ ಕೆಳಗಿನ ಬಾಗಿಲು ತೆರೆಯಿತು. ಮುದುಕಿ ಹೊರಗೆ ಬಂದಳು. ಮೆಟ್ಟಿಲಲ್ಲಿ ಇಬ್ಬರು ಗಂಡಸರು, ಮೊಣಕಾಲಿನವರೆಗೆ ಬಟ್ಟೆ, ಒಬ್ಬರಿಗೊಬ್ಬರು ನಮಸ್ಕಾರ. ನೋಡಿದಳು. ಚೆನ್ನಾಗಿಯೇ ನೋಡಿದಳು. ಆಮೇಲೆ ಮೂಲೆಗೆ ಕೈ ತೋರಿಸಿ ಏನೋ ಹೇಳಿ ಬಾಗಿಲು ಹಾಕಿಕೊಂಡಳು.

"ಎಂತ ಹೇಳಿದ್ದು?"

"ಮೂಲೆಯಲ್ಲಿ ಧೂಳು ಉಳಿದಿದೆಯಂತೆ ಭಟ್ರೇ."

ಚೀಲ

ಒಂದು ಶನಿವಾರ. ಕಾಗೆ ಕಂಬಿಯ ಮೇಲೆ ಕೂತಿತ್ತು. ಮೊದಲೆಲ್ಲ ನಾನು ಒಳಗೆ ಹೋದ ಮೇಲೆ ತಿನ್ನುತ್ತಿತ್ತು. ಅವತ್ತು ನಾನು ನಿಂತಿದ್ದರೂ ಹತ್ತಿರ ಬಂತು. ಕತ್ತು ಚಾಚಿತು. ಇನ್ನೇನು ಬಾಯಿ ಹಾಕಬೇಕು.

ಪಕ್ಕದ ಬಾಲ್ಕನಿಯಲ್ಲಿ ಒಂದು ಶಬ್ದ ಎದ್ದಿತು. ಒಂದು ನಾಗಸ್ವರ, ಒಂದು ಕೊಂಬು, ಒಂದು ಕಾಯಿಲೆಯ ಎಮ್ಮೆ, ಮೂರನ್ನೂ ಗೋಣಿಗೆ ತುಂಬಿ ಮೇಲೆ ಕೂತ ಹಾಗೆ. ಕಾಗೆ ಹಾರಿತು. ಮರದಲ್ಲಿದ್ದವೆಲ್ಲ ಹಾರಿದವು. ನೋಡಿದರೆ ಕೆನಡಾದವ. ಕಂಕುಳಲ್ಲಿ ಒಂದು ಚೀಲ, ಬಾಯಲ್ಲಿ ಒಂದು ಕೊಳವೆ. ಬ್ಯಾಗ್‌ಪೈಪ್ ಅಂತೆ, ಸ್ಕಾಟ್ಲೆಂಡಿನವರ ವಾದ್ಯ. ಮುಖ ಕೆಂಪು ಕೆಂಪು.

ಬ್ಯಾರಿಯನ್ನು ಎಳೆದುಕೊಂಡು ಹೋದೆ. "ಹೇಳು ಇವನಿಗೆ."

"ಮೆಲ್ಲ ಹೇಳುವ ಭಟ್ರೇ. ನೆರೆಕರೆಯವರು."

ಬಾಗಿಲು ತಟ್ಟಿದೆವು. ನಮ್ಮನ್ನು ಕಂಡು ಕೆನಡಾದವನ ಕಣ್ಣು ಒದ್ದೆಯಾಯಿತು. ಬ್ಯಾರಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದ. ಕುರ್ಚಿ ಹಾಕಿದ. ಚಾ ಕೊಟ್ಟ. ಮತ್ತೆ ಚೀಲ ಎತ್ತಿಕೊಂಡ. ನಮ್ಮ ಎದುರಿಗೇ ಊದಿದ. ಬಾಲ್ಕನಿಯಲ್ಲಿ ಕೇಳಿದ್ದೇ ವಾಸಿ.

ಹೊರಗೆ ಬಂದು ಕೇಳಿದೆ, "ನೀನು ಹೇಳಿದೆಯಾ ಇಲ್ಲವಾ?"

"ಹೇಗೆ ಹೇಳುವುದು ಮಾರಾಯ್ರೆ? ಜರ್ಮನಿಗೆ ಬಂದ ಮೇಲೆ ಇದನ್ನು ಕೇಳಲಿಕ್ಕೆ ಅಂತ ಬಾಗಿಲು ತಟ್ಟಿದವರು ನೀವೇ ಮೊದಲಂತೆ."

ಬ್ಯಾರಿಯಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಅವನನ್ನೇ ಎಳೆದುಕೊಂಡು ಮುದುಕಿಯ ಹತ್ತಿರ ಹೋದೆ. ಅವಳು ಪೂರ್ತಿ ಕೇಳಿದಳು. ಮಧ್ಯಾಹ್ನ ಒಂದರಿಂದ ಮೂರು ರೂಹೆಝೈಟ್, ಆಗ ಯಾರೂ ಶಬ್ದ ಮಾಡುವಂತಿಲ್ಲ. ಇವನು ಒಂದಕ್ಕೆ ಮುಂಚೆ ನಿಲ್ಲಿಸುತ್ತಾನೆ, ಮೂರರ ಮೇಲೆ ಶುರು ಮಾಡುತ್ತಾನೆ. ತಪ್ಪಿಲ್ಲವಂತೆ.

ಆಮೇಲೆ ಅವಳು ಕೇಳಿದಳು, "ಕಾಗೆ ಎಂದಿರಲ್ಲ. ಅದಕ್ಕೆ ಅನ್ನ ಹಾಕುವವರು ಯಾರು?"

ಅದು ಫರ್ಬೋಟನ್. ಎಂದರೆ ನಿಷೇಧ. ಬೆಳಿಗ್ಗೆಯೂ, ಮಧ್ಯಾಹ್ನವೂ, ರಾತ್ರಿಯೂ.

ಅಂದರೆ ಈ ದೇಶದಲ್ಲಿ ಹಸಿದ ಕಾಗೆಯನ್ನು ಊದಿ ಓಡಿಸಬಹುದು. ಕರೆದು ಅನ್ನ ಹಾಕಬಾರದು.

ಸಾಧನೆ

ಅಲ್ಲಿಂದ ಕೆನಡಾದವ ನಮ್ಮ ಮನೆಗೆ ಬರಲಿಕ್ಕೆ ಶುರು ಮಾಡಿದ. ಕಾಫಿ ಅವನಿಗೆ ಹಿಡಿಸಿತು. ಹಿತ್ತಿಲಲ್ಲಿ ಒಂದು ಸಮಾರಂಭ ಮಾಡುತ್ತಾನಂತೆ. ಕೆನಡಾದಲ್ಲಿ ಸ್ಕಾಟ್ಲೆಂಡಿನವರ ಪರಂಪರೆ ಮತ್ತು ಸಾಧನೆ. ಆಫೀಸಿನ ಜರ್ಮನರೆಲ್ಲ ಬರುತ್ತಾರೆ. ಭಾಷಣ ಉಂಟು. ಆ ಭಾಷಣವನ್ನು ನನ್ನ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡಿದ. ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದೆ.

ಬ್ಯಾರಿ ಕನ್ನಡದಲ್ಲಿ ಹೇಳುತ್ತಾ ಹೋದ. "ಕೆನಡಾದಲ್ಲಿ ರೈಲು ಹಾಕಿದ್ದು ಇವರಂತೆ. ಬ್ಯಾಂಕು ಇವರಂತೆ. ಕಾಲೇಜು ಇವರಂತೆ. ಮೊದಲ ಪ್ರಧಾನಿಯೂ ಇವರಂತೆ."

"ಮತ್ತೆ ಬೇರೆಯವರೆಲ್ಲ ಎಂತ ಮಾಡುತ್ತಿದ್ದರು, ಮಲಗಿದ್ದರಾ?"

"ಸುಮ್ಮನಿರಿ ಭಟ್ರೇ. ನೀವು ಬೊಂಬಾಯಿಗೆ ಇಡ್ಲಿ ಕೊಟ್ಟದ್ದು ನಾವು ಅಂತ ದಿನಾ ಹೇಳ್ತೀರಲ್ಲ."

"ಅದು ನಿಜ."

"ಇದೂ ನಿಜ ಅಂತೆ."

ನನಗೆ ತಲೆ ಕೆಟ್ಟಿತು. "ಅದೆಲ್ಲ ಇರಲಿ. ಇವನ ಅಜ್ಜನ ಅಜ್ಜ ಎಂತ ಮಾಡಿದ್ದು, ಅದನ್ನು ಕೇಳು."

ಬ್ಯಾರಿ ಕೇಳಿದ. ಕೆನಡಾದವ ಗಡ್ಡ ಕೆರೆದುಕೊಂಡ. ದನಿ ಸಣ್ಣದಾಯಿತು.

"ರೈಲಿನ ಕೆಲಸದವರಿಗೆ ಗಂಜಿ ಬೇಯಿಸುತ್ತಿದ್ದರಂತೆ ಭಟ್ರೇ. ಓಟ್ಸಿನ ಗಂಜಿ. ಡೇರೆಯಲ್ಲಿ."

ನನ್ನ ಕೈ ನಿಂತಿತು. ಅಷ್ಟು ದಿನದಲ್ಲಿ ಅವನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಅದೊಂದೇ. ಹಿಮ. ಡೇರೆ. ಕಾದಿರುವ ಹೊಟ್ಟೆಗಳು. ಇನ್ನೊಂದು ಲೋಟ ಕಾಫಿ ಮಾಡಿ ಅವನ ಮುಂದೆ ಇಟ್ಟೆ. "ಇದು ಭಾಷಣದಲ್ಲಿ ಉಂಟಾ ಕೇಳು."

"ಇಲ್ಲವಂತೆ. ಅದು ಸಾಧನೆ ಅಲ್ಲವಲ್ಲ ಅಂತಾರೆ."

ಲೋಟ ವಾಪಸ್ ತೆಗೆದುಕೊಂಡೆ.

ಎಡೆ

ಸಮಾರಂಭದ ದಿನ ಯಾವುದು ಎಂದು ಕೇಳಿದೆ. ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ ಚೀಲ ಊದಿ ಶುರು. ಅವಳ ತಿಥಿಯೂ ಅದೇ ಶನಿವಾರ. ಎಡೆ ಇಡುವುದೂ ಅದೇ ಹೊತ್ತಿಗೆ.

ಬ್ಯಾರಿಗೆ ಹೇಳಿದೆ, "ಈ ಸಲ ಪೂರ್ತಿ ಹೇಳು. ಚಾ ಕೊಟ್ಟರೂ ಹೇಳು."

ಹೇಳಿದ. ಹೆಂಡತಿ, ಹತ್ತನೆಯ ದಿನ, ಕಾಗೆ, ಎಲ್ಲ. ಕೆನಡಾದವ ಎದೆಗೆ ಕೈ ಇಟ್ಟ. ಕಾಗೆ ಉಣ್ಣುವವರೆಗೆ ಊದುವುದಿಲ್ಲವಂತೆ.

ಶನಿವಾರ ಬೇಗ ಎದ್ದು ಅಡುಗೆ ಮಾಡಿದೆ. ಅನ್ನ, ಪಾಯಸ, ಉದ್ದಿನ ವಡೆ, ಅವಳಿಗೆ ಸೇರುವ ಪಡುವಲಕಾಯಿ ಪಲ್ಯ. ಹೋಟೆಲಿನ ಕೈ ಬೇಡ ಎಂದು ಉಪ್ಪು ಖಾರ ಕಡಿಮೆ ಹಾಕಿದೆ. ಬ್ಯಾರಿ ಸ್ಟುಟ್‌ಗಾರ್ಟಿನ ಏಷ್ಯಾ ಅಂಗಡಿಯಿಂದ ಬಾಳೆ ಎಲೆ ತಂದಿದ್ದ. ಮಂಜುಗಡ್ಡೆ ಹಿಡಿದ ಎಲೆ. ಬಿಸಿನೀರಿನಲ್ಲಿ ಅದ್ದಿ ಬಿಡಿಸಿದೆ.

ಬಾಲ್ಕನಿಗೆ ತಂದರೆ ಪಕ್ಕದ ಬಾಲ್ಕನಿಯಿಂದ ಒಂದು ವಾಸನೆ. ಅಲ್ಲಿ ಮೇಜಿನ ಮೇಲೆ ಒಂದು ದೊಡ್ಡ ಉಂಡೆ ಆರಲಿಕ್ಕೆ ಇಟ್ಟಿತ್ತು. ಹೊಟ್ಟೆ ಸೀಳಿ ಹಬೆ ಬರುತ್ತಿತ್ತು.

"ಎಂತದು ಅದು?"

"ಹ್ಯಾಗಿಸ್ ಭಟ್ರೇ. ಕುರಿಯ ಹೊಟ್ಟೆಯೊಳಗೆ ಕುರಿಯದ್ದೇ ಗುಂಡಿಗೆ, ಈಲಿ ಎಲ್ಲ ಕೊಚ್ಚಿ ಓಟ್ಸ್ ಸೇರಿಸಿ ಬೇಯಿಸುವುದು. ನಂಗೂ ತಿನ್ನಲಿಕ್ಕೆ ಕರೆದರು. ಹಲಾಲ್ ಅಲ್ಲ ಅಂತ ತಪ್ಪಿಸಿಕೊಂಡೆ. ದೇವರು ದೊಡ್ಡವ."

ನನ್ನ ಎಡೆಗೂ ಆ ಕುರಿಗೂ ನಡುವೆ ಒಂದು ಮಾರು ಜಾಗ. ಏನು ಮಾಡುವುದು. ಇಟ್ಟೆ. ಕೈ ಮುಗಿದೆ. "ಕಾ ಕಾ" ಎಂದು ಕರೆದೆ.

ಹನ್ನೆರಡಾಯಿತು. ಕೆಳಗೆ ಜರ್ಮನರು ಗ್ಲಾಸು ಹಿಡಿದು ನಿಂತಿದ್ದರು. ಕೆನಡಾದವ ಪೂರ್ತಿ ವೇಷದಲ್ಲಿ ತನ್ನ ಬಾಲ್ಕನಿಯಲ್ಲಿ. ಚೀಲ ಕಂಕುಳಲ್ಲಿ, ಬಾಯಿ ಮುಚ್ಚಿ. ಕೆಳಗಿನವರಿಗೆ ಏನೋ ಹೇಳಿದ. ಅವರೂ ಮರದ ಕಡೆ ತಲೆ ಎತ್ತಿದರು. ಮುದುಕಿಯೂ ಕಿಟಕಿಗೆ ಬಂದಳು. ಅನ್ನ ನೋಡಿದಳು. ಬಾಯಿ ತೆರೆದಳು. ಯಾರೋ ಕೆಳಗಿನಿಂದ ಅವಳಿಗೆ ಹೇಳಿದರು. ಬಾಯಿ ಮುಚ್ಚಿ ಗಡಿಯಾರ ನೋಡಿದಳು.

ಹನ್ನೆರಡೂವರೆ. ಕಾಗೆ ಮರದಲ್ಲಿತ್ತು. ಬರಲಿಲ್ಲ.

"ಏನಾದ್ರೂ ಆಸೆ ಬಾಕಿ ಇತ್ತಾ ಭಟ್ರೇ?" ಬ್ಯಾರಿ ಮೆಲ್ಲ ಕೇಳಿದ. "ಮಾಡ್ತೇನೆ ಅಂತ ಹೇಳಿ ನೋಡಿ."

ಮರದ ಕಡೆ ನೋಡಿ ಅವಳಿಗೆ ಹೇಳಿದೆ. ನಿನ್ನ ತಂಗಿಗೆ ಸೀರೆ ಕೊಡುತ್ತೇನೆ. ಬಾವಿಕಟ್ಟೆ ಸರಿ ಮಾಡಿಸುತ್ತೇನೆ. ಬೀಡ ಬಿಡುತ್ತೇನೆ. ಕಾಗೆ ಕತ್ತು ಆ ಕಡೆ ತಿರುಗಿಸಿತು. ಗಂಟೆ ಒಂದಾಗಲಿಕ್ಕೆ ಸ್ವಲ್ಪ ಇತ್ತು. ಒಂದಾದರೆ ಅವನೂ ಊದುವಂತಿಲ್ಲ, ಅವನ ಸಮಾರಂಭವೂ ಹೋಯಿತು. ಆದರೂ ಅವನು ಅಲ್ಲಾಡಲಿಲ್ಲ. ಈ ಸಲ ದನವೂ ಇಲ್ಲ.

ಆಗ ಹಾರಿ ಬಂತು. ನನ್ನ ಕಂಬಿಯ ಮೇಲೆ ಕೂತಿತು. ಅನ್ನ ನೋಡಿತು. ವಡೆ ನೋಡಿತು. ಪಲ್ಯವನ್ನು ಓರೆಯಾಗಿ ನೋಡಿತು. ಆಮೇಲೆ ಒಂದೇ ಹಾರು. ಪಕ್ಕದ ಬಾಲ್ಕನಿಗೆ. ಕುರಿಯ ಹೊಟ್ಟೆಗೆ ಕೊಕ್ಕು ಹಾಕಿ ತಿನ್ನತೊಡಗಿತು.

"ಯಾ ಅಲ್ಲಾ" ಎಂದ ಬ್ಯಾರಿ.

ಬದುಕಿದ್ದಾಗ ಮೊಟ್ಟೆಯ ಅಂಗಡಿ ಸಿಕ್ಕಿದರೆ ಮೂಗಿಗೆ ಸೆರಗು ಹಿಡಿಯುತ್ತಿದ್ದವಳು. ಆದರೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ನನ್ನ ಅಡುಗೆ ಎದುರಿಗಿಟ್ಟುಕೊಂಡು ಪಕ್ಕದ ಮನೆಯದನ್ನು ಮೊದಲು ಉಣ್ಣುವ ಜೀವ ಲೋಕದಲ್ಲಿ ಒಂದೇ.

"ಅವಳೇ" ಎಂದೆ.

ಕೆನಡಾದವ ಆ ಕಡೆಯಿಂದ ಕೂಗಿದ. ಕಣ್ಣಲ್ಲಿ ನೀರು.

"ಅವರ ಅಜ್ಜನ ಅಜ್ಜ ಬಂದರಂತೆ ಭಟ್ರೇ! ಹ್ಯಾಗಿಸ್ ಒಪ್ಪಿಕೊಂಡರಂತೆ!"

"ಅಜ್ಜ ಅಲ್ಲ ಅಂತ ಹೇಳು! ನನ್ನ ಹೆಂಡತಿ ಅಂತ ಹೇಳು!"

"ಇಬ್ಬರೂ ಒಟ್ಟಿಗೆ ಬಂದಿರಬಹುದು ಭಟ್ರೇ, ಜಗಳ ಬೇಡ."

"ಬಾಯಿ ಮುಚ್ಚು ಮಾರಾಯ!"

ಅಷ್ಟರಲ್ಲಿ ಕಾಗೆ ವಾಪಸ್ ಬಂತು. ಬಾಳೆ ಎಲೆಯ ಅಂಚಿಗೆ ಕೊಕ್ಕು ಒರೆಸಿಕೊಂಡಿತು. ಅನ್ನ ಒಂದು ತುತ್ತು ನುಂಗಿತು. ವಡೆ ಕಚ್ಚಿಕೊಂಡು ಕಂಬಿಯ ಮೇಲೆ ಕೂತಿತು.

ಕೆಳಗೆ ಜರ್ಮನರು ಚಪ್ಪಾಳೆ ತಟ್ಟಿದರು. ನಾನು ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿ ನಿಂತೆ.

ಕೆನಡಾದವ ಚೀಲ ಎತ್ತಿದ. ಕಿಟಕಿಯಿಂದ ಮುದುಕಿಯ ಬೆರಳು ಮೇಲೆದ್ದಿತು. ಒಂದು ಗಂಟೆ. ರೂಹೆಝೈಟ್. ಅವನು ಚೀಲ ಇಳಿಸಿದ. ಆ ಮುಖ ನನಗೆ ನೋಡಲಿಕ್ಕೆ ಆಗಲಿಲ್ಲ.

"ಮುದುಕಿಗೆ ಹೇಳು" ಎಂದೆ ಬ್ಯಾರಿಗೆ. "ಇವನು ತಡಮಾಡಿದ್ದು ನನ್ನ ಹೆಂಡತಿಯಿಂದ. ಅವಳು ಹೊರಡುವುದು ಯಾವಾಗಲೂ ತಡವೇ. ಇವತ್ತು ಒಂದು ದಿನ ಬಿಡಲಿಕ್ಕೆ ಹೇಳು."

ಮುದುಕಿ ಯೋಚಿಸಿದಳು. ಕಾಗೆಯನ್ನು ನೋಡಿದಳು. ಒಳಗೆ ಸರಿದು ಕಿಟಕಿ ಹಾಕಿಕೊಂಡಳು. ಪರದೆಯನ್ನೂ ಎಳೆದಳು.

ಕೆನಡಾದವ ನನ್ನ ಮುಖ ನೋಡಿದ. ಊದು ಎಂದು ಕೈ ಮಾಡಿದೆ.

ಊದಿದ. ಕಾಗೆ ವಡೆ ಸಮೇತ ಹಾರಿಹೋಯಿತು.

ಕುರಿ ತಿಂದಳು, ಹೋಗಲಿ. ಆ ಚೀಲ ಕೇಳಲಿಕ್ಕೆ ನಿಲ್ಲಲಿಲ್ಲ. ಅಷ್ಟಾದರೂ ರುಚಿ ಅವಳಿಗೆ ಉಳಿದಿತ್ತು.