ಮೊದಲು ವಾಸಿಯಾದ ಇಲಿಯವರ ಸನ್ನಿಧಾನಕ್ಕೆ

ಮಾನ್ಯ ಮೂಷಿಕ ಮಹಾಶಯರೇ,

ಮಂಡ್ಯ ತಾಲ್ಲೂಕು ಕೊತ್ತತ್ತಿಯಲ್ಲಿ ನಾಲೆಯ ನೀರು ಬಿಡುತ್ತಿದ್ದ ನಿವೃತ್ತ ನೀರುಗಂಟಿ ಚಿಕ್ಕಬೋರಯ್ಯನಾದ ನಾನು ತಮ್ಮ ಮೀಸೆಗೂ ಬಾಲಕ್ಕೂ ಬೇರೆಬೇರೆಯಾಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಪ್ರಯೋಗಾಲಯದಲ್ಲಿ ಶ್ವಾಸಕೋಶದ ರಕ್ತದೊತ್ತಡದಿಂದ ಚೇತರಿಸಿಕೊಂಡ ಸುದ್ದಿ ತಿಳಿದು ಬಹಳ ಸಂತೋಷವೂ, ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಹೊಟ್ಟೆಯುರಿಯೂ ಆಯಿತು. ತಮ್ಮವರು ನಾಲೆಯ ಏರಿ ಕೊರೆಯುವುದು, ನಾನು ಬಿಲ ಮುಚ್ಚುವುದು ಎಂಬ ಹಳೆಯ ಮನಸ್ತಾಪವನ್ನು ಸದ್ಯಕ್ಕೆ ಮರೆಯೋಣ.

ನನ್ನ ಹೆಂಡತಿ ಹೊಂಬಾಳಮ್ಮನಿಗೂ ಅದೇ ಕಾಯಿಲೆ. ಶ್ವಾಸಕೋಶದ ರಕ್ತನಾಳಗಳ ಗೋಡೆ ದಪ್ಪವಾಗಿ, ಗುಂಡಿಗೆ ಎಷ್ಟು ತಳ್ಳಿದರೂ ರಕ್ತ ಸರಾಗವಾಗಿ ಹಾಯುವುದಿಲ್ಲ. ನಾಲೆಯ ಏರಿ ಹತ್ತಬೇಕಾದರೆ ಮೂರು ಕಡೆ ಕೂರುತ್ತಾಳೆ. ಈಗಿನ ಮಾತ್ರೆ ನಾಳವನ್ನು ಸಡಿಲಿಸುತ್ತದೆಯೇ ಹೊರತು ಬೇರಿಗೆ ಹೋಗುವುದಿಲ್ಲ, ಜೀನು ಸರಿಯಾಗಿದ್ದರೂ ಅದರ ಮೇಲೆ ಕೂತ ರಾಸಾಯನಿಕ ಗುರುತು ಅದನ್ನು ಮುಚ್ಚಿಬಿಡಬಹುದು, ಆ ಗುರುತನ್ನು ಅಳಿಸುವ ಎಪಿಜೆನೆಟಿಕ್ ಔಷಧಗಳನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ ಎಂದು ಮಂಡ್ಯದ ಡಾಕ್ಟರ್ ಅರ್ಪಿತ ವಿವರಿಸಿದರು. ನನಗೆ ತಕ್ಷಣ ಅರ್ಥವಾಯಿತು. ನಾಲೆ ಒಡೆದಿಲ್ಲ, ಯಾರೋ ತೂಬಿನ ಹಲಗೆ ಇಳಿಸಿದ್ದಾರೆ. ಹಲಗೆ ಎತ್ತುವುದರಲ್ಲಿ ನನಗೆ ನಲವತ್ತು ವರ್ಷದ ಅನುಭವವಿದೆ, ಆದರೆ ಇದು ನನ್ನ ಕೈ ಹೋಗುವ ಜಾಗವಲ್ಲ.

ಮನುಷ್ಯರಿಗೆ ಕೊಡುವ ಮುಂಚೆ ಇನ್ನೂ ಬಹಳ ಇಲಿಗಳ ಮೇಲೆ ನೋಡಬೇಕೆಂದರು. ತಡವಾಗುತ್ತಿರುವುದು ಇಲಿಗಳ ಕೊರತೆಯಿಂದ ಎಂದು ತಿಳಿದ ನಾನು, ಮುಂದಿನ ಸಲ ತೋರಿಸಲು ಹೋಗುವಾಗ ಏರಿಯ ಬಿಲಗಳಿಂದ ತಮ್ಮ ಹನ್ನೊಂದು ಮಂದಿ ಬಂಧುಗಳನ್ನು ಹಿಡಿದು, ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದೆ. ಅಲ್ಲಿ ಬಟ್ಟೆ ಬಿಚ್ಚಿದ ಮೇಲೆ ನಡೆದುದನ್ನು ವಿವರಿಸಿ ತಮ್ಮ ಮನಸ್ಸು ನೋಯಿಸಲಾರೆ. ಹೊಂಬಾಳಮ್ಮ ಮಾತ್ರ ಬೆಂಚಿನ ಮೇಲೆ ಕಾಲೆತ್ತಿಕೊಂಡು, "ನನ್ ಉಸ್ರುಗ್ ಮುಂಚೆ ನಿನ್ ಬುದ್ದಿನೇ ನಿಂತೋಯ್ತಲ್ಲಯ್ಯ, ಬುಡತ್ಲಾಗೆ" ಎಂದಳು. ಹೊಲದ ಇಲಿ ಆಗುವುದಿಲ್ಲವಂತೆ, ವಂಶಾವಳಿ ಗೊತ್ತಿರುವ ಇಲಿಯೇ ಬೇಕಂತೆ. ತಮ್ಮ ಮನೆತನದ ದೊಡ್ಡಸ್ತಿಕೆ ಅಂದು ತಿಳಿಯಿತು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಪಂಜರದಲ್ಲಿ ಅವಳಿಗೊಂದು ಮೂಲೆ ಕೊಡಿಸಿ, ಇವಳೂ ಇಲಿಯೇ ಎಂದು ವಿಜ್ಞಾನಿಗಳಿಗೆ ಶಿಫಾರಸು ಮಾಡಬೇಕು. ತಮಗಾದರೆ ಮೊದಲು ಕಾಯಿಲೆ ಬರಿಸಿ ಆಮೇಲೆ ವಾಸಿ ಮಾಡಿದರಂತೆ. ಬರಿಸುವ ಶ್ರಮವನ್ನು ಅವಳು ಆಗಲೇ ಉಳಿಸಿದ್ದಾಳೆ. ಬಾಲವೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಹೊಂದಿಕೊಳ್ಳುತ್ತಾಳೆ, ನನ್ನ ಜೊತೆ ಮೂವತ್ತೈದು ವರ್ಷ ಹೊಂದಿಕೊಂಡವಳು. ಅವಳಿಲ್ಲದ ಮನೆ ನನಗೆ ಬೇಡ.

ಸದಾ ತಮ್ಮ ಆರೋಗ್ಯವನ್ನೇ ಕುತೂಹಲದಿಂದ ವಿಚಾರಿಸುವ,
ತಮ್ಮ ವಿಶ್ವಾಸಿ,
ಚಿಕ್ಕಬೋರಯ್ಯ

ವಿ.ಸೂ.: ಇದನ್ನು ಓದಿ ಹೇಳಿದಾಗ ಹೊಂಬಾಳಮ್ಮ ನಕ್ಕಳು, ಉಸಿರು ಸಾಲದೆ ನಗುವನ್ನು ಅರ್ಧಕ್ಕೇ ನಿಲ್ಲಿಸಿ ಕಂಬ ಹಿಡಿದುಕೊಂಡಳು. ನನ್ನ ಈ ಮರ್ಯಾದೆಯ ಭಾಷೆ ಅವಳು ಉಸಿರಾಡುತ್ತಿರುವವರೆಗೆ ಮಾತ್ರ ಎಂಬುದು ತಮ್ಮ ಗಮನದಲ್ಲಿರಲಿ.