ಖೋಟಾ ನಾಣ್ಯ ಬೇಕಾಗಿತ್ತು

ಪರೀಕ್ಷೆ ಮಾಡದೆ ಏನನ್ನೂ ಕೊಳ್ಳಲಾಗದ ಕಾಯಿಲೆ ನನಗಿದೆ. ಕಲ್ಲಂಗಡಿಯನ್ನು ಬಡಿದು ನೋಡುವುದು ಎಲ್ಲರೂ ಮಾಡುವ ಕೆಲಸ. ನಾನು ಕೊಡೆ ಕೊಳ್ಳುವಾಗ ಅಂಗಡಿಯವನಿಂದಲೇ ಒಂದು ಬಕೆಟ್ ನೀರು ಸುರಿಸಿಕೊಂಡವನು. ಸವದತ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆನಾದ್ದರಿಂದ ಜನ ಇದನ್ನು ಹುಚ್ಚು ಎನ್ನದೆ ವಿದ್ವತ್ತು ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ನನ್ನ ತಮ್ಮನಿಗೆ ಚಚಡಿಯ ಹೆಣ್ಣು ಗೊತ್ತಾಯಿತು. ನಿಶ್ಚಯದ ದಿನ ಹುಡುಗಿಯ ಉಡಿಗೆ ಅಕ್ಕಿ, ಕಾಯಿಯ ಜೊತೆ ಒಂದು ಬೆಳ್ಳಿ ನಾಣ್ಯ ಹಾಕಬೇಕು. ಬೆಳ್ಳಿ ಬಳಿದ ಕಬ್ಬಿಣದ ನಾಣ್ಯಗಳು ಆಗ ಎಲ್ಲೆಡೆ ಓಡಾಡುತ್ತಿದ್ದವು. “ಉಡ್ಯಾಗ ಖೋಟಾ ಬಿತ್ತಂದ್ರ ಬೀಗರ ಮುಂದ ಮಾರಿ ಹೆಂಗ ತೋರ್ಸೂದೋ? ನೋಡಿ ತಗೊಂಡ ಬಾ,” ಎಂದಳು ಅವ್ವ. ನೋಡಿ ತಾ ಎಂದು ನನಗೆ ಹೇಳಬೇಕೆ?

ಹೋಲಿಸಿ ನೋಡದೆ ಯಾವ ಪ್ರಯೋಗವೂ ಪೂರ್ತಿಯಾಗುವುದಿಲ್ಲ. ಆದ್ದರಿಂದ ಮೊದಲು ಒಂದು ಖೋಟಾ ನಾಣ್ಯ ಕೊಳ್ಳಲು ಉಗರಗೋಳಕ್ಕೆ ಹೋದೆ. ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿಕೊಂಡಿದ್ದವನ ಲಕ್ಷ್ಮಿ ನಾಣ್ಯ ನನ್ನ ಆಯಸ್ಕಾಂತ ಕಂಡೊಡನೆ ಹಾರಿ ಬಂದು ಅಂಟಿಕೊಂಡಿತು. ನನಗೆ ಬಹಳ ಸಂತೋಷವಾಯಿತು.

“ಇದ ಖೋಟಾ ಐತಿ. ನನಗ ಇದ ಬೇಕು, ಎಷ್ಟಪಾ?”

“ಏನ್ ಮಾತ ಆಡ್ತೀರಿ ಸರ! ಅಪ್ಪಟ ಬೆಳ್ಳಿ ಐತಿ. ಬೆಳ್ಳಿ ರೇಟ್ ಕೊಡ್ರಿ, ಇಲ್ಲಾಂದ್ರ ಬಿಡ್ರಿ.”

ಖೋಟಾ ಎಂದು ಒಪ್ಪಿಕೊಂಡರೆ ಅವನ ವ್ಯಾಪಾರ ಕೆಡುತ್ತಿತ್ತು, ಬಿಟ್ಟು ಬಂದರೆ ನನ್ನ ಪ್ರಯೋಗ ಕೆಡುತ್ತಿತ್ತು. ಬೆಳ್ಳಿಯ ದರ ಕೊಟ್ಟು ಕಬ್ಬಿಣ ತಂದೆ.

ಮರುದಿನ ಸವದತ್ತಿಯ ಸರಾಫ ಅಂಗಡಿಗೆ ಆಯಸ್ಕಾಂತ, ಥರ್ಮಾಸಿನ ತುಂಬ ಬರ್ಫದ ಗಡ್ಡೆ ಮತ್ತು ನಮ್ಮ ಶಾಲೆಯ ಸಂಗೀತ ಮಾಸ್ತರರನ್ನು ಒಯ್ದೆ. ಬೆಳ್ಳಿಯ ಮೇಲೆ ಬರ್ಫ ಬೇಗ ಕರಗುತ್ತದೆ, ಬಡಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಮಾಸ್ತರರು ಕಣ್ಣು ಮುಚ್ಚಿ ಹನ್ನೊಂದು ನಾಣ್ಯಗಳನ್ನು ಬೇಸುರವೆಂದು ತಳ್ಳಿಹಾಕಿದರು. “ಸರ, ನಾ ಬೆಳ್ಳಿ ಮಾರಾಂವ, ತಂಬೂರಿ ಮಾರೂದಿಲ್ರಿ,” ಎಂದು ಒದ್ದೆಯಾದ ಗಾದಿ ಒರೆಸುತ್ತ ಸರಾಫರು ಗೋಗರೆದರು. ಹನ್ನೆರಡನೆಯದು ಪಾಸಾಯಿತು. ಅದನ್ನೂ ಖೋಟಾವನ್ನೂ ಕೆಂಪು ಕಾಗದದಲ್ಲಿ ಬೇರೆ ಬೇರೆ ಸುತ್ತಿ ಒಂದೇ ಕಿಸೆಯಲ್ಲಿಟ್ಟುಕೊಂಡೆ. ಚೀಟಿ ಅಂಟಿಸಲಿಲ್ಲ. ಪ್ರಯೋಗಶಾಲೆಯ ಸೀಸೆಗೆ ಚೀಟಿ ಅಂಟಿಸದ ಹುಡುಗರ ಕಿವಿ ಹಿಂಡುತ್ತಿದ್ದವನು ನಾನೇ.

ನಿಶ್ಚಯದ ದಿನ ನಾನು ಕೊಟ್ಟ ನಾಣ್ಯವನ್ನು ಅವ್ವ ಉಡಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಹುಡುಗಿಯ ಅಣ್ಣ ಬಸವರಾಜ ನನ್ನನ್ನು ಹಿತ್ತಲಿಗೆ ಕರೆದ. ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಅವನನ್ನು ಎರಡು ಸಲ ಫೇಲ್ ಮಾಡಿದ್ದೆ. ಹಿರಿಯರಿಗೆ ತೋರಿಸುವ ನೆಪದಲ್ಲಿ ಅವನು ಉಡಿಯಿಂದ ತೆಗೆದು ತಂದಿದ್ದ ನಾಣ್ಯ, ಅವನ ಕೈಯಲ್ಲಿದ್ದ ಆಯಸ್ಕಾಂತಕ್ಕೆ ಜೋತುಬಿದ್ದಿತ್ತು.

“ನೋಡಲಾರದ ಏನೂ ನಂಬಬ್ಯಾಡ್ರಿ ಅಂತ ನೀವ ಕಲಿಸಿದ್ರಲ್ರಿ ಸರ. ಒಳಗ ಯಾರಿಗೂ ಗೊತ್ತಿಲ್ಲ.”

ಕಿಸೆಯಿಂದ ಇನ್ನೊಂದು ಪೊಟ್ಟಣ ತೆಗೆದುಕೊಟ್ಟು, “ಇದ ಅಸಲಿ, ಬಸವರಾಜ,” ಎಂದೆ.

“ಒಂದ ನಿಮಿಷ ತಡೀರಿ ಸರ,” ಎಂದವನು ಒಳಗೆ ಹೋಗಿ ಶರಬತ್ತಿಗೆ ತರಿಸಿದ್ದ ಬರ್ಫದ ಚೂರು ತಂದ. ನಾಣ್ಯದ ಮೇಲಿಟ್ಟೊಡನೆ ಅದು ಸರಸರನೆ ಕರಗಿತು.

“ಪಾಸ್ ಆದ್ರಿ ಸರ,” ಎಂದು, ಎರಡು ಸಲ ಅವನನ್ನು ಫೇಲ್ ಮಾಡಿದ ನನ್ನ ಕೈ ಹಿಡಿದು ಊಟಕ್ಕೆ ಕರೆದೊಯ್ದ.