ವಾಷಿಂಗ್ ಮಷಿನ್ ಮೇಲಿನ ವಿಶ್ವವಿದ್ಯಾಲಯ

“ಆ ಮನೇಲಿ ಗಂಡನಿಗೂ ಬಾಯಿ, ಹೆಂಡತಿಗೂ ಬಾಯಿ. ಕಿವಿ ಮಾತ್ರ ಪಕ್ಕದ ಮನೆಯವರದು!” ಎಂದು ಬೀದಿಯವರು ಮೇಷ್ಟ್ರ ಸಂಸಾರವನ್ನು ಆಡಿಕೊಳ್ಳುತ್ತಿದ್ದರು.

ಅಂಥ ಮೇಷ್ಟ್ರಿಗೆ ಕಾಲೇಜು ವಹಿಸಿದ್ದೇನು? ಕಡಲಾಚೆಯ ವಿಶ್ವವಿದ್ಯಾಲಯದ ಮಕ್ಕಳೂ ಇಲ್ಲಿಯ ಮಕ್ಕಳೂ ಕಂಪ್ಯೂಟರಿನಲ್ಲೇ ಕೂಡಿ ಕಲಿಯುವ ವಿನಿಮಯ ತರಗತಿ. ವಿಷಯ: ‘ಆಲಿಸುವ ಕಲೆ’!

“ಇವತ್ತಿನ ಪಾಠ ನೋಡೋಕೆ ಪ್ರಿನ್ಸಿಪಾಲರೇ ಬರ್ತಾರೆ. ಅವರು ಮೆಚ್ಚಿದರೆ ಇಡೀ ಕಾರ್ಯಕ್ರಮಕ್ಕೆ ನಾನೇ ಮುಖ್ಯಸ್ಥ, ಬರೆದಿಟ್ಕೋ! ದೇಶದೇಶಗಳನ್ನೇ ಬೆಸೀತೀನಿ!” ಎಂದು ಮೇಷ್ಟ್ರು ಟೈ ಬಿಗಿದರು.

“ಬೆಸೀರಿ. ಮೊದಲು ನನಗೆ ಬಟ್ಟೆ ಒಗೆಯೋಕೆ ಬಿಡಿ!”

ಹೆಂಡತಿಯ ಸಿಟ್ಟಿಗೂ ಕಾರಣವಿತ್ತು. ಇಂಟರ್‌ನೆಟ್ ನೆಟ್ಟಗೆ ಸಿಗುತ್ತಿದ್ದುದು ಬಚ್ಚಲ ಪಕ್ಕದ ಮೂಲೆಯಲ್ಲಿ ಮಾತ್ರ. ಅಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕ ಸಿಂಹಾಸನ ವಾಷಿಂಗ್ ಮಷಿನ್. ಪಾಠವಿದ್ದ ಹೊತ್ತಿಗೆಲ್ಲ ಮಿಕ್ಸಿ ಬಂದ್, ಕುಕ್ಕರ್ ಬಂದ್, ಕೆಮ್ಮೂ ಬಂದ್! ಕೊಳೆ ಬಟ್ಟೆಯ ರಾಶಿ ಸೊಂಟದೆತ್ತರಕ್ಕೆ ಬೆಳೆದಿತ್ತು, ಸಿಟ್ಟು ನೆತ್ತಿಗೆ.

ಪಾಠದ ನಡುವೆಯೇ ಆಕೆ ಬೆನ್ನ ಹಿಂದೆ ಬಂದು ನಿಂತಳು.

“ರೀ, ಪಾಠ ಮುಗಿದು ಅರ್ಧ ಗಂಟೆಗೆ ಮಷಿನ್ ತಾನಾಗೇ ಓಡೋ ಹಾಗೆ ಇಟ್ಟಿದ್ದೀನಿ. ಅಷ್ಟರಲ್ಲಿ ನಿಮ್ಮ ಡಬ್ಬ ಎತ್ಕೊಳ್ಳಿ.”

“ಹೂಂ.”

“ಏನು ಹೇಳಿದೆ, ಹೇಳಿ?”

“ಹೂಂ ಅಂದೆನಲ್ಲೇ! ಹೋಗು!”

ಆಕೆ ಕೈಚೀಲ ಹಿಡಿದು ದಡದಡನೆ ಪೇಟೆಗೆ ಹೊರಟುಹೋದಳು.

ತೆರೆಯ ಮೇಲೆ ಪ್ರಿನ್ಸಿಪಾಲರ ಮುಖ ಕಂಡ ಮೇಷ್ಟ್ರ ನಾಲಿಗೆ ಹೊತ್ತು ಮೀರಿ ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. “ಹೃದಯದಿಂದ ಆಲಿಸಿ...” ಎನ್ನುವಾಗ ಕೆಳಗೆ ಗುಳುಗುಳು! ದನಿ ಏರಿಸಿದರು. ಗಡಗಡ! ನಿಲ್ಲಿಸೋಣವೆಂದರೆ ಜನ್ಮದಲ್ಲಿ ಆ ಗುಂಡಿ ಮುಟ್ಟಿದವರಲ್ಲ. ಲ್ಯಾಪ್‌ಟಾಪ್ ಎತ್ತಿದರೆ ಬಚ್ಚಲ ಮೂಲೆಯ ಗುಟ್ಟು ರಟ್ಟಾಗಿ ಮಾನ ಹೋದೀತೆಂದು ಮಷಿನನ್ನೇ ಬಾಚಿ ತಬ್ಬಿದರು. ಲೋಕದೆದುರು ಅವರ ಕೆನ್ನೆ, ಕನ್ನಡಕ, ಟೈ ಎಲ್ಲ ತಕತಕ ಕುಣಿದವು.

“ಭೂಕಂಪ!” ಎಂದು ಕಡಲಾಚೆ ಯಾರೋ ಕಿರುಚಿದ್ದೇ ತಡ, ನೆಲ ಅಲುಗದಿದ್ದರೂ ಅಲ್ಲಿಯ ಮಕ್ಕಳೆಲ್ಲ ಮೇಜಿನಡಿ ನುಗ್ಗಿದರು. ಪ್ರಿನ್ಸಿಪಾಲರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರು: “ಬೇಗ ಬನ್ನಿ! ಊರೆಲ್ಲ ಸರಿ ಇದೆ, ಅವರ ಮನೆ ಮಾತ್ರ ಕುಸೀತಿದೆ!”

ಹೆಂಡತಿ ತರಕಾರಿ ಹೊತ್ತು ಬಂದಾಗ ಗೇಟಿನಲ್ಲಿ ಕೆಂಪು ಲಾರಿ, ಬೀದಿ ತುಂಬ ಜನ. ಒಳಗೆ ಹೆಲ್ಮೆಟ್ಟಿನವನು ಕೆಂಡ ಕಾರುತ್ತಿದ್ದ: “ಯಾವ ಗೋಡೆ ಬಿತ್ತು, ತೋರಿಸ್ರೀ!”

ಆಕೆ ಒಂದೇ ಬೆರಳಲ್ಲಿ ಗುಂಡಿ ಒತ್ತಿದಳು. ಭೂಮಿ ನಿಂತಿತು.

ಕ್ಯಾಮೆರಾ ಮಾತ್ರ ನಿಂತಿರಲಿಲ್ಲ. ಕಡಲಾಚೆಯ ಪ್ರೊಫೆಸರಮ್ಮ ಮೇಜಿನಡಿಯಿಂದ ಎದ್ದು ಕೇಳಿದಳು: “ಸರ್, ಆಗ ಇವರು ಬಂದು ಏನೋ ಹೇಳಿದರಲ್ಲ, ನಮಗೆ ಭಾಷೆ ತಿಳಿಯಲಿಲ್ಲ. ಏನದು?”

ಆಲಿಸುವ ಕಲೆಯ ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಗೊತ್ತಿದ್ದರೆ ತಾನೇ!

“ಉಳಿದದ್ದು ಒಂದೇ ಪಾಠ. ಅದನ್ನ ಕಾಲೇಜಿಗೆ ಬಂದು ಮುಗಿಸ್ರೀ. ಮುಖ್ಯಸ್ಥರನ್ನ ಬೇರೆ ಹುಡುಕ್ತೀನಿ!” ಪ್ರಿನ್ಸಿಪಾಲರು ಗುಡುಗಿದರು.

ಆ ಕೊನೆಯ ಪಾಠಕ್ಕೆಂದು ಮೇಷ್ಟ್ರು ಲ್ಯಾಪ್‌ಟಾಪ್ ಬಗಲಿಗಿಟ್ಟು ಹೊರಟಾಗ ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಬಾಗಿಲಲ್ಲಿ ಹೆಂಡತಿ ಮೆಲ್ಲಗೆ, “ರೀ” ಎಂದಳು.

ಮೇಷ್ಟ್ರು ಗೇಟಿನಿಂದ ಓಡೋಡಿ ಬಂದರು. “ಏನು? ಏನಂದೆ? ಇನ್ನೊಂದ್ಸಲ ಹೇಳು!”

“ಏನಿಲ್ಲ. ಕೇಳಿಸುತ್ತಾ ಅಂತ ನೋಡಿದೆ. ಹೊರಡಿ.”

ಮೇಷ್ಟ್ರು “ಹೂಂ” ಎನ್ನಲೂ ಹೆದರಿ, ಹೊರಟರು.